ಮನೆಗೆಲಸಕ್ಕೆ ಮಕ್ಕಳಿಗೆ ಪೈಸೆ ಕೊಡಬೇಕಾ?

ಪ್ರಶ್ನೆ: ನಾವು ಬದಿಯಡ್ಕದ ಹತ್ತಿರದವರು. ಸಣ್ಣ ಅಡಿಕೆ ತೋಟ, ಹಟ್ಟಿಯಲ್ಲಿ ಎರಡು ದನ. ಮಗಳು ಏಳನೇ ತರಗತಿ, ಮಗ ನಾಲ್ಕನೇ ತರಗತಿ. ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ಭಾವನ ಮಕ್ಕಳು ಬಂದಿದ್ದರು. ಅವರ ಮನೆಯಲ್ಲಿ ಫ್ರಿಜ್ ಮೇಲೆ ದರಪಟ್ಟಿ ಅಂಟಿಸಿದ್ದಾರಂತೆ. ಹಾಸಿಗೆ ಮಡಚಿದರೆ 5 ರೂಪಾಯಿ, ತಟ್ಟೆ ತೊಳೆದರೆ 5, ಗಿಡಗಳಿಗೆ ನೀರು ಹಾಕಿದರೆ 10. ಅದನ್ನು ಕೇಳಿ ನಮ್ಮವರೂ ಮಗನಿಗೆ ಹಾಗೇ ಶುರು ಮಾಡಿದರು. ಅಂಗಳದ ಅಡಿಕೆ ರಾಶಿ ಹಾಕಿದರೆ 10, ದನಕ್ಕೆ ಹುಲ್ಲು ತಂದರೆ 10, ಅಂಗಡಿಗೆ ಹೋಗಿಬಂದರೆ 5. ಮೊದಲು ಚೆನ್ನಾಗಿಯೇ ನಡೆಯಿತು. ಈಗ ಏನು ಹೇಳಿದರೂ "ಎಷ್ಟು ಕೊಡ್ತೀರಿ?" ಅಂತ ಕೇಳುತ್ತಾನೆ. ಮೊನ್ನೆ ನನ್ನ ಅತ್ತೆ ಮಂಡಿನೋವು ಅಂತ ಒಂದು ಚೊಂಬು ಬಿಸಿನೀರು ತರಲು ಹೇಳಿದರು. ಅವರಿಗೂ ಅದೇ ಮಾತು. ಅತ್ತೆಗೆ ತುಂಬ ನೋವಾಯಿತು. "ಮಕ್ಕಳ ಕೈಗೆ ಪೈಸೆ ಕೊಟ್ಟರೆ ಕೆಟ್ಟೇ ಹೋಗ್ತಾರೆ, ನಮ್ಮ ಕಾಲದಲ್ಲಿ ಹೀಗೆಲ್ಲ ಇತ್ತಾ?" ಅಂತಾರೆ. ನಮ್ಮವರು "ದುಡ್ಡಿನ ಬೆಲೆ ಈಗಲೇ ಗೊತ್ತಾಗಲಿ, ತಪ್ಪೇನಿದೆ?" ಅಂತಾರೆ. ಮಗಳು ಮೊದಲಿಂದಲೂ ಅಡುಗೆಮನೆಯಲ್ಲಿ ಸಹಾಯ ಮಾಡುತ್ತಾಳೆ, ಅವಳು ಏನೂ ಕೇಳಿಲ್ಲ. ಈಗ ನಿಲ್ಲಿಸಿದರೆ ಮಗ ಕೆಲಸವನ್ನೇ ಬಿಡುತ್ತಾನೇನೋ ಅಂತ ಹೆದರಿಕೆ. ಇನ್ನೊಂದು ವಿಷಯ, ಮೊನ್ನೆ ನನ್ನ ಪರ್ಸಿನಿಂದ 20 ರೂಪಾಯಿ ಕಾಣೆಯಾಗಿತ್ತು. ಅವನೇ ತೆಗೆದದ್ದು. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಮಗ ದುರಾಸೆಯ ಹುಡುಗ ಆಗಿಬಿಟ್ಟ ಅಂತ ಅಂದುಕೊಳ್ಳಬೇಡಿ. ಮನೆಗೆ ಒಂದು ಹೊಸ ನಿಯಮ ಬಂತು, ಅವನು ಅದನ್ನು ಚುರುಕಾಗಿ ಕಲಿತ. ಹುಲ್ಲಿಗೆ 10 ರೂಪಾಯಿ ಇದ್ದರೆ ಬಿಸಿನೀರಿಗೆ ಎಷ್ಟು? ಒಂಬತ್ತು ವರ್ಷದ ತಲೆಗೆ ಇದು ನ್ಯಾಯವಾದ ಪ್ರಶ್ನೆ. ಈ ವಯಸ್ಸಿನಲ್ಲಿ ಮಕ್ಕಳಿಗೆ ಲೆಕ್ಕ, ಸಮಪಾಲು, ನಿಯಮ ಇವೆಲ್ಲ ಬಹಳ ಮುಖ್ಯ. ಯಾವ ಕೆಲಸ ಪಟ್ಟಿಗೆ ಸೇರುತ್ತದೆ, ಯಾವುದು ಸೇರುವುದಿಲ್ಲ ಅಂತ ಅವನಿಗೆ ಯಾರೂ ಹೇಳಿರಲಿಲ್ಲ, ಕೇಳಿದ. ನಿಮ್ಮ ಅತ್ತೆಗೆ ನೋವಾದದ್ದೂ ಸಹಜ. ಮೊಮ್ಮಗ ತನ್ನನ್ನು ಗಿರಾಕಿಯ ಹಾಗೆ ನೋಡಿದರೆ ಯಾವ ಅಜ್ಜಿಗೆ ಬೇಜಾರಾಗುವುದಿಲ್ಲ?

ನಿಮ್ಮ ಪತ್ರದಲ್ಲಿ ಮೂರು ಚಿಂತೆ ಕಾಣುತ್ತದೆ. ಮಗನ ಮನಸ್ಸು ಕೆಡುತ್ತದಾ ಅನ್ನುವುದು ಒಂದು. ಈಗ ಹಿಂದೆ ಬರುವುದು ಹೇಗೆ ಅನ್ನುವುದು ಇನ್ನೊಂದು. ಮೂರನೆಯದನ್ನು ನೀವು ಚಿಂತೆ ಅಂತ ಬರೆದಿಲ್ಲ, ಒಂದೇ ಸಾಲಿನಲ್ಲಿ ದಾಟಿಸಿದ್ದೀರಿ. "ಮಗಳು ಏನೂ ಕೇಳಿಲ್ಲ" ಅನ್ನುವ ಸಾಲು. ನನಗೆ ನಿಮ್ಮ ಪತ್ರದಲ್ಲಿ ಹೆಚ್ಚು ಗಟ್ಟಿಯಾಗಿ ಕೇಳಿಸಿದ್ದು ಅದೇ. ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ಕೆಲಸಕ್ಕೆ ದರ ಕಟ್ಟಿದರೆ ಏನಾಗುತ್ತದೆ ಅನ್ನುವುದನ್ನು ಮೊದಲು ನೋಡೋಣ. ಇಸ್ರೇಲಿನಲ್ಲಿ ಹೈಫಾ ಅಂತ ಒಂದು ಊರಿದೆ. ಅಲ್ಲಿನ ಡೇ ಕೇರ್‌ಗಳಲ್ಲಿ ಕೆಲವು ಅಪ್ಪ ಅಮ್ಮಂದಿರು ಸಂಜೆ ಮಗುವನ್ನು ಕರೆದುಕೊಂಡು ಹೋಗಲು ತಡವಾಗಿ ಬರುತ್ತಿದ್ದರು. ಯೂರಿ ಗ್ನೀಝಿ ಮತ್ತು ಆಲ್ಡೊ ರುಸ್ಟಿಕಿನಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಲ್ಲಿ ಒಂದು ಪ್ರಯೋಗ ಮಾಡಿದರು. 10 ನಿಮಿಷಕ್ಕಿಂತ ಜಾಸ್ತಿ ತಡವಾದರೆ ಸಣ್ಣ ದಂಡ. ತಡವಾಗಿ ಬರುವವರು ಕಡಿಮೆಯಾಗಬೇಕಿತ್ತು, ಅಲ್ವಾ? ಜಾಸ್ತಿಯಾದರು. ಹೆಚ್ಚುಕಡಿಮೆ ದುಪ್ಪಟ್ಟು. ಮೊದಲು "ಪಾಪ, ಟೀಚರ್ ಕಾಯುತ್ತಿರುತ್ತಾರೆ" ಎಂಬ ಸಂಕೋಚವಾದರೂ ಇತ್ತು. ದಂಡ ಬಂದ ಮೇಲೆ "ದುಡ್ಡು ಕೊಡುತ್ತೇವಲ್ಲ" ಅಂತ ಆಯಿತು. ಈ ಕಥೆಯಲ್ಲಿ ನಿಮಗೆ ಬೇಕಾದ ಭಾಗ ಇನ್ನೂ ಮುಂದಿದೆ. ಆಮೇಲೆ ದಂಡ ತೆಗೆದುಹಾಕಿದರೂ ಜನ ಹಳೆಯ ರೀತಿಗೆ ಮರಳಲಿಲ್ಲ. ತಡವಾಗಿಯೇ ಬಂದರು. 2000ದಲ್ಲಿ ಪ್ರಕಟವಾದ ಅಧ್ಯಯನ ಇದು. ಅವರೆಲ್ಲ ದೊಡ್ಡವರು. ಹಾಗಿರುವಾಗ ನಿಮ್ಮ ಮಗ ಒಂದೇ ವಾರದಲ್ಲಿ ಸರಿಹೋಗಬೇಕು ಅಂತ ಕಾಯಬೇಡಿ.

ಮಕ್ಕಳ ಮೇಲೆಯೇ ಮಾಡಿದ ಅಧ್ಯಯನಗಳೂ ಇವೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ 20 ತಿಂಗಳ ಮಕ್ಕಳನ್ನು ನೋಡಿದರು. ದೊಡ್ಡವರ ಕೈಯಿಂದ ಏನಾದರೂ ಕೆಳಗೆ ಬಿದ್ದರೆ ಆ ಮಕ್ಕಳು ತಾವಾಗಿಯೇ ಹೆಕ್ಕಿ ಕೊಡುತ್ತಿದ್ದರು. ಕೆಲವು ಮಕ್ಕಳಿಗೆ ಹೀಗೆ ಕೊಟ್ಟಾಗೆಲ್ಲ ಒಂದು ಆಟದ ವಸ್ತು ಸಿಕ್ಕಿತು. ಕೆಲವರಿಗೆ ಬರೀ ಹೊಗಳಿಕೆ. ಕೆಲವರಿಗೆ ಏನೂ ಇಲ್ಲ. ಆಮೇಲೆ ನೋಡಿದರೆ, ವಸ್ತು ಪಡೆದ ಮಕ್ಕಳೇ ಉಳಿದವರಿಗಿಂತ ಕಡಿಮೆ ಸಹಾಯ ಮಾಡಿದರು. ಇದು 2008ರದ್ದು. ಅದಕ್ಕೂ ಹಿಂದೆ, 1973ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ ಚಿತ್ರ ಬಿಡಿಸುವುದೆಂದರೆ ಇಷ್ಟವಿದ್ದ ಮಕ್ಕಳಿಗೆ "ಬಿಡಿಸಿದರೆ ಸರ್ಟಿಫಿಕೇಟ್ ಕೊಡ್ತೇವೆ" ಅಂತ ಆಸೆ ತೋರಿಸಿದರು. ಕೆಲವು ದಿನ ಕಳೆದು ಬಣ್ಣದ ಪೆನ್ನು ಸುಮ್ನೆ ಮುಂದಿಟ್ಟರೆ, ಆ ಮಕ್ಕಳು ಮುಂಚಿನ ಉತ್ಸಾಹ ತೋರಿಸಲಿಲ್ಲ. ಆದರೆ ಮುಂಚೆ ಏನೂ ಹೇಳದೆ, ಬಿಡಿಸಿ ಆದ ಮೇಲೆ ಅದೇ ಸರ್ಟಿಫಿಕೇಟ್ ಕೊಟ್ಟಾಗ ಇಷ್ಟ ಕಡಿಮೆಯಾಗಲಿಲ್ಲ. ಮಗ ಇಡೀ ಭಾನುವಾರ ತೋಟದಲ್ಲಿ ಜೊತೆಗೆ ದುಡಿದಿದ್ದಾನೆ ಅಂತ ಸಂಜೆ ಪೇಟೆಗೆ ಕರೆದುಕೊಂಡು ಹೋಗಿ ಐಸ್‌ಕ್ರೀಮ್ ಕೊಡಿಸಿದರೆ ಏನೂ ತಪ್ಪಿಲ್ಲ ಅನ್ನುವುದು ಇದಕ್ಕೇ.

ಇಷ್ಟು ಹೇಳಿ, "ನೋಡಿ, ದುಡ್ಡು ಕೊಟ್ಟರೆ ಮಕ್ಕಳ ಒಳ್ಳೆಯತನವೇ ಸತ್ತುಹೋಗುತ್ತದೆ" ಅಂತ ಮುಗಿಸುವವರಿದ್ದಾರೆ. ನಾನು ಅಲ್ಲಿಯವರೆಗೆ ಹೋಗುವುದಿಲ್ಲ. ಬಹುಮಾನದಿಂದ ಆಸಕ್ತಿ ಕುಂದುವುದು ಮುಖ್ಯವಾಗಿ ಮೊದಲೇ ಇಷ್ಟವಿದ್ದ ಕೆಲಸಗಳಲ್ಲಿ. ಎಂಜಲು ತಟ್ಟೆ ತೊಳೆಯುವುದರಲ್ಲಿ ಯಾವ ಮಗುವಿಗೆ ಅಂಥ ಪ್ರೀತಿ ಇರುತ್ತದೆ ಹೇಳಿ! ಬೇಜಾರಿನ ಕೆಲಸಕ್ಕೆ ಬಹುಮಾನ ಕೊಟ್ಟರೆ ಅಂಥ ಹಾನಿ ಕಾಣುವುದಿಲ್ಲ ಅಂತಲೂ ಅಧ್ಯಯನಗಳಿವೆ. ಹಾಗಾಗಿ ಬೆಂಗಳೂರಿನ ಭಾವನ ಮಕ್ಕಳು ಹಾಳಾಗುತ್ತಿದ್ದಾರೆ ಅಂತ ಫೋನ್ ಮಾಡಿ ಹೇಳಲು ಹೋಗಬೇಡಿ. ಆ ಮನೆಯಲ್ಲಿ ಅದು ಸರಿಯಾಗಿಯೇ ನಡೆಯುತ್ತಿರಬಹುದು.

ನಿಮ್ಮ ಮನೆಯಲ್ಲಿ ಎಡವಟ್ಟಾದದ್ದು ಎಲ್ಲಿ? ನಮ್ಮ ಕಡೆಯ ಮದುವೆ, ಉಪನಯನ ನೆನಪು ಮಾಡಿಕೊಳ್ಳಿ. ಹಿಂದಿನ ದಿನ ಸಂಜೆ ನೆರೆಕರೆಯವರೆಲ್ಲ ಬೆಂದಿಗೆ, ಅಂದರೆ ಮರುದಿನದ ಅಡುಗೆಗೆ, ತರಕಾರಿ ಕೊರೆಯಲು ಬರುತ್ತಾರೆ. ಅಡುಗೆ ಭಟ್ಟರೂ ಬಂದಿರುತ್ತಾರೆ. ಭಟ್ಟರಿಗೆ ಮೊದಲೇ ಮಾತಾಡಿದ ದುಡ್ಡು ಕೊಡುತ್ತೇವೆ, ಯಾರಿಗೂ ಮುಜುಗರ ಇಲ್ಲ. ಅದೇ, ಸೌತೆಕಾಯಿ ಕೊರೆದ ಪಕ್ಕದ ಮನೆಯವರ ಕೈಗೆ 200 ರೂಪಾಯಿ ಇಟ್ಟು ನೋಡಿ! ಇನ್ನೊಮ್ಮೆ ನಿಮ್ಮ ಮನೆಗೆ ಬರಲಿಕ್ಕಿಲ್ಲ. ಒಂದೇ ಅಂಗಳ, ಒಂದೇ ರಾತ್ರಿ, ಹೆಚ್ಚುಕಡಿಮೆ ಒಂದೇ ಕೆಲಸ. ಆದರೆ ಎರಡು ಬೇರೆ ಲೆಕ್ಕ. ಭಟ್ಟರಿಗೆ "ಈ ತಾರೀಕಿಗೆ ಆಗುವುದಿಲ್ಲ" ಅನ್ನುವ ಹಕ್ಕಿದೆ. ನೆರೆಯವರು ಲೆಕ್ಕ ಇಟ್ಟುಕೊಳ್ಳದೆ ಬರುತ್ತಾರೆ, ಅವರ ಮನೆಯಲ್ಲಿ ಏನಾದರೂ ಇದ್ದಾಗ ನಾವು ಹೋಗುತ್ತೇವೆ. ಈ ವ್ಯತ್ಯಾಸ ನಮಗೆ ಯಾರೂ ಪಾಠ ಮಾಡಿ ಕಲಿಸಿದ್ದಲ್ಲ. ನಿಮ್ಮ ಮಗನಿಗೆ ಮಾತ್ರ ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆದು ಕೊಟ್ಟುಬಿಟ್ಟಿದ್ದೀರಿ.

ನಾನು ಅಪ್ಪ ಅಮ್ಮಂದಿರಿಗೆ ಹೇಳುವ ಅಳತೆ ಒಂದೇ. ಮಗು "ಇವತ್ತು ಬೇಡ, ನನಗೆ ಆ ದುಡ್ಡೂ ಬೇಡ" ಅಂದರೆ ನೀವು "ಆಯ್ತು" ಅನ್ನಲು ತಯಾರಿದ್ದೀರಾ? ತಯಾರಿದ್ದರೆ ಆ ಕೆಲಸಕ್ಕೆ ದುಡ್ಡು ಕೊಡಿ. ಇಲ್ಲವಾದರೆ ಕೊಡಬೇಡಿ. ದರ ಕಟ್ಟಿದ ಮರುಕ್ಷಣ ಬೇಡ ಅನ್ನುವ ಹಕ್ಕೂ ಜೊತೆಗೇ ಬರುತ್ತದೆ. ಕೂಲಿಗೆ ಬರುವವರಿಗೆ ಆ ಹಕ್ಕು ಇದೆ, ಮಗುವಿಗೆ ಇಲ್ಲ ಅಂದರೆ ಅದು ಮೋಸ. ದನಕ್ಕೆ ಹುಲ್ಲು ಹಾಕುವುದನ್ನು ಬೇಡ ಅಂದರೆ ಆಗುತ್ತದಾ? ಆಗುವುದಿಲ್ಲ, ದನ ಉಪವಾಸ ಬೀಳುತ್ತದೆ. ಅಜ್ಜಿಗೆ ನೀರು? ತನ್ನ ತಟ್ಟೆ, ತನ್ನ ಹಾಸಿಗೆ, ಮಳೆ ಬಂತು ಅಂದಾಗ ಅಂಗಳದ ಅಡಿಕೆ ಎಳೆಯಲು ಓಡುವುದು? ಇದ್ಯಾವುದನ್ನೂ ಬೇಡ ಅನ್ನಲು ಬಿಡಲಾಗುವುದಿಲ್ಲ. ಇವು ಪಟ್ಟಿಯಿಂದ ಹೊರಗೆ.

ಪಟ್ಟಿಯ ಒಳಗೆ ಉಳಿಯಬಹುದಾದ ಕೆಲಸಗಳೂ ನಿಮ್ಮಲ್ಲಿ ಬೇಕಾದಷ್ಟಿವೆ. ಸ್ಕೂಟರ್ ತೊಳೆಯುವುದು, ಹಳೆ ಪೇಪರ್ ಕಟ್ಟಿಡುವುದು, ಅಟ್ಟ ಗುಡಿಸುವುದು. ಗುಡ್ಡದಲ್ಲಿ ಗೇರುಮರ ಇದ್ದರೆ ಬೀಜ ಹೆಕ್ಕುವುದು. ಒಣಗಿದ ಚಾಲಿ ಅಡಿಕೆಯಲ್ಲಿ ಪಟೋರ, ಉಳ್ಳಿಗಡ್ಡೆ, ಕರಿಗೋಟು ಅನ್ನುವ ಕಡಿಮೆ ದರ್ಜೆಯ ಅಡಿಕೆ ಬೇರೆ ಮಾಡಲು ಕೂರುವುದು. ಇದನ್ನು ಮಕ್ಕಳು ಮಾಡದಿದ್ದರೆ ನೀವು ಆಳಿಗೆ ಕೊಡುತ್ತೀರಿ, ಇಲ್ಲವೇ ಇನ್ನೊಂದು ದಿನ ಮಾಡುತ್ತೀರಿ. ಅಲ್ಲಿ ಕೂಲಿ ಮಾತಾಡಬಹುದು. ಚೌಕಾಶಿಗೂ ಅವಕಾಶ ಕೊಡಿ, ತಮಾಷೆಯಾಗಿರುತ್ತದೆ.

ಗೇರುಬೀಜದ ಮಾತು ಬಂತಲ್ಲ, ನಿಮ್ಮ ಅತ್ತೆಯ ಪ್ರಶ್ನೆಗೂ ಉತ್ತರ ಅಲ್ಲೇ ಇದೆ. "ನಮ್ಮ ಕಾಲದಲ್ಲಿ ಮಕ್ಕಳ ಕೈಯಲ್ಲಿ ಪೈಸೆ ಇತ್ತಾ?" ಇತ್ತು. ಮಾರ್ಚ್, ಏಪ್ರಿಲ್ ಬಂತೆಂದರೆ ಕಾಸರಗೋಡಿನ ಗುಡ್ಡಗಳಲ್ಲಿ ಮಕ್ಕಳು ಗೇರುಬೀಜ ಹೆಕ್ಕಿ ಅಂಗಡಿಗೆ ಕೊಟ್ಟು ಮಿಠಾಯಿಯೋ ಪಟಾಕಿಯೋ ತರುತ್ತಿದ್ದದ್ದು ಹೊಸತೇನಲ್ಲ. ವಿಷುವಿನ ದಿನ ಹಿರಿಯರು ಕೈನೀಟ್ಟಂ ಅಂತ ಮಕ್ಕಳ ಕೈಗೆ ದುಡ್ಡು ಕೊಡುತ್ತಿದ್ದರು, ಈಗಲೂ ಕೊಡುತ್ತಾರೆ. ಪೆರ್ನಾಳಿಗೆ, ಅಂದರೆ ಈದ್ ಹಬ್ಬಕ್ಕೆ, ಮುಸ್ಲಿಂ ಮನೆಗಳ ಮಕ್ಕಳಿಗೂ ಕೈತುಂಬ ಸಿಗುತ್ತದೆ. ಅತ್ತೆಯ ಹತ್ತಿರ ಒಂದು ಮಧ್ಯಾಹ್ನ ಕೂತು ಕೇಳಿ, ಅವರು ಸಣ್ಣವರಿದ್ದಾಗ ಗೇರುಬೀಜದ ದುಡ್ಡಿನಲ್ಲಿ ಏನು ತೆಗೆದುಕೊಂಡಿದ್ದರು ಅಂತ. ಬಹುಶಃ ಮೊಮ್ಮಗನನ್ನೂ ಕೂರಿಸಿ ಹೇಳುತ್ತಾರೆ. ಅವನ ಮೇಲಿನ ಬೇಜಾರೂ ಅಷ್ಟರಲ್ಲಿ ಅರ್ಧ ಇಳಿದಿರುತ್ತದೆ. ಕೈಗೆ ದುಡ್ಡು ಬಂದ ಮಾತ್ರಕ್ಕೆ ಮಕ್ಕಳು ಕೆಡುವುದಿಲ್ಲ. ಎಲ್ಲಿಂದ ಬಂತು, ಏನಾಯಿತು ಅಂತ ಯಾರೂ ಕೇಳದ ದುಡ್ಡು, ಕೇಳಿದಷ್ಟೂ ಸಿಗುವ ದುಡ್ಡು, ಇವೆರಡು ತೊಂದರೆ ಕೊಡುತ್ತವೆ.

ನಿಮ್ಮವರ ಮಾತಿನಲ್ಲೂ ಅರ್ಧ ಸತ್ಯ ಇದೆ. ದುಡ್ಡಿನ ಬೆಲೆ ಗೊತ್ತಾಗಬೇಕು, ಹೌದು. ಆದರೆ ಅದು ಗೊತ್ತಾಗುವುದು ಸಂಪಾದಿಸುವಾಗ ಮಾತ್ರ ಅಂತ ತಿಳಿದಿದ್ದಾರೆ. ಒಂಬತ್ತು ವರ್ಷದವನು ಹೆಚ್ಚು ಕಲಿಯುವುದು ಖರ್ಚು ಮಾಡುವಾಗ. ಕೈಯಲ್ಲಿ 40 ರೂಪಾಯಿ ಇದೆ, ಬಾಲ್‌ಗೆ 60. ಈ ವಾರ ಮಿಠಾಯಿ ತಿಂದರೆ ಬಾಲ್ ಮುಂದಕ್ಕೆ ಹೋಗುತ್ತದೆ. ಈ ಸಂಕಟವೇ ಪಾಠ. ದರಪಟ್ಟಿ ಇರುವ ಮನೆಯಲ್ಲಿ ಈ ಸಂಕಟ ಬರುವುದೇ ಇಲ್ಲ. 20 ಕಡಿಮೆ ಬಿತ್ತಾ, ಇನ್ನೆರಡು ಸಲ ಹುಲ್ಲು ತಂದರಾಯಿತು. ವಿಷುವಿಗೆ 500 ರೂಪಾಯಿ ಸಿಕ್ಕಿತಾ, ತಿಂಗಳುಗಟ್ಟಲೆ ಹುಲ್ಲು ತರುವುದೇ ಬೇಡ. ಬೆಳೆದ ಹಾಗೆ ದರವೂ ಏರಬೇಕು. ಹದಿನಾಲ್ಕು ವರ್ಷದವನು 10 ರೂಪಾಯಿಗೆ ಕುರ್ಚಿಯಿಂದ ಏಳುವುದಿಲ್ಲ.

ಹಾಗಿದ್ದರೆ ಏನೂ ಕೊಡದೆ, ಬೇಕಾದ್ದನ್ನು ನಾವೇ ತೆಗೆದುಕೊಟ್ಟರೆ? ತುಂಬ ಮನೆಗಳಲ್ಲಿ ನಡೆಯುವುದು ಇದೇ. ಸುಲಭ ಅನ್ನಿಸುತ್ತದೆ. ಆದರೆ ಪ್ರತಿ ಅಂಗಡಿಯ ಮುಂದೆಯೂ ಒಂದು ಹಠ, ಒಂದು ತೀರ್ಮಾನ. ತೀರ್ಮಾನ ಯಾವಾಗಲೂ ನಿಮ್ಮದು. ಮಗು ಕಲಿಯುವುದು ಹಠದ ಲೆಕ್ಕವನ್ನು ಮಾತ್ರ. ಈಗಂತೂ ಅಪ್ಪ ಮೊಬೈಲ್ ತೋರಿಸಿ ಸ್ಕ್ಯಾನ್ ಮಾಡಿದರೆ ಸಾಮಾನು ಬರುತ್ತದೆ. ದುಡ್ಡು ಮುಗಿಯುತ್ತದೆ ಅನ್ನುವುದೇ ಮಗುವಿನ ಕಣ್ಣಿಗೆ ಬೀಳುವುದಿಲ್ಲ.

ನನಗೆ ನಿಮ್ಮ ಮನೆಗೆ ಸರಿ ಅನ್ನಿಸುವುದು ಇದು. ಇಬ್ಬರು ಮಕ್ಕಳಿಗೂ ನಿಗದಿಯಾದ ಸಣ್ಣ ಕೈಖರ್ಚು, ಯಾವ ಕೆಲಸಕ್ಕೂ ತಳುಕು ಹಾಕದೆ. ಮನೆಗೆಲಸ ಬೇರೆ, ಅದು ಮನೆಯವರದ್ದು. ಇವೆರಡರ ಹೊರಗೆ, ಬೇಕಿದ್ದರೆ ಮಾತ್ರ, ಕೂಲಿಯ ಹೆಚ್ಚುವರಿ ಕೆಲಸ. ಇದರಲ್ಲೂ ಅಪಾಯ ಇಲ್ಲದಿಲ್ಲ. "ಏನೂ ಮಾಡದೆ ಸುಮ್ನೆ ದುಡ್ಡು ಕೊಡೋದಾ?" ಅಂತ ನಿಮ್ಮವರು ಕೇಳಿಯೇ ಕೇಳುತ್ತಾರೆ. ಈಗಲೂ ಮಿಠಾಯಿ, ಸ್ಟಿಕ್ಕರ್, ಐಸ್‌ಕ್ಯಾಂಡಿ ಅಂತ ಸುಮ್ನೆ ಖರ್ಚು ಮಾಡುತ್ತಿದ್ದೀರಲ್ಲ, ಅದನ್ನೇ ಅವರ ಕೈಗೆ ಕೊಟ್ಟು ಲೆಕ್ಕ ಅವರಿಗೆ ಬಿಡುತ್ತಿದ್ದೀರಿ, ಅಷ್ಟೇ. ಇನ್ನೊಂದು ಅಪಾಯ ನಿಮ್ಮದೇ ಕೈಯಲ್ಲಿದೆ. ಬುಧವಾರಕ್ಕೆ ದುಡ್ಡು ಮುಗಿಸಿ ಮುಖ ಸಣ್ಣ ಮಾಡಿಕೊಂಡು ಬರುತ್ತಾನೆ. ಆಗ 10 ರೂಪಾಯಿ ತುಂಬಿಸಿಕೊಟ್ಟರೆ ಇಡೀ ಏರ್ಪಾಡು ಅಲ್ಲಿಗೇ ಮುಗಿಯಿತು. ಅಜ್ಜಿಗೂ ಇದನ್ನು ಮುಂಚೆಯೇ ಹೇಳಿಡಿ. ಸೆರಗಿನ ಗಂಟಿನಿಂದ ಬರುವ ದುಡ್ಡು ಎಲ್ಲ ನಿಯಮಕ್ಕಿಂತ ದೊಡ್ಡದು!

ಎಷ್ಟು ಕೊಡಬೇಕು? ಒಂದು ತಿಂಗಳು ಇಂಥ ಚಿಲ್ಲರೆ ಖರ್ಚನ್ನೆಲ್ಲ ಬರೆದಿಡಿ. ಮಗನದ್ದು 160 ರೂಪಾಯಿ ಬಂತು ಅಂದುಕೊಳ್ಳಿ. ವಾರಕ್ಕೆ 40 ಕೊಡಿ, ಅದಕ್ಕಿಂತ ಹೆಚ್ಚು ಬೇಡ. ಒಂಬತ್ತು ವರ್ಷದವನಿಗೆ ತಿಂಗಳು ಬಹಳ ಉದ್ದ, ವಾರದ ಲೆಕ್ಕವೇ ಒಳ್ಳೆಯದು. ಮಗಳಿಗೆ ತಿಂಗಳಿಗೊಮ್ಮೆ ಕೊಡಬಹುದು, ವಯಸ್ಸಿಗೆ ತಕ್ಕ ಹಾಗೆ ಸ್ವಲ್ಪ ಜಾಸ್ತಿ. ನೋಟ್‌ಬುಕ್, ಬಸ್ಸಿನ ದುಡ್ಡು, ಚಪ್ಪಲಿ ಇವೆಲ್ಲ ನಿಮ್ಮ ಖರ್ಚು, ಅದರಲ್ಲಿ ಸೇರಿಸಬೇಡಿ. ನೋಟು ಮತ್ತು ನಾಣ್ಯದಲ್ಲೇ ಕೊಡಿ. ಪರೀಕ್ಷೆಯ ಮಾರ್ಕಿಗೂ ಇದಕ್ಕೂ ಗಂಟು ಹಾಕಬೇಡಿ.

ಇನ್ನು ನಿಮ್ಮ ಮಗಳು.

ಅಂಗಳದ ಅಡಿಕೆಗೆ 10 ರೂಪಾಯಿ ಇದೆ. ದೋಸೆ ಹಿಟ್ಟು ರುಬ್ಬಿದ್ದಕ್ಕೆ, ಊಟದ ಮೇಲೆ ನೆಲ ಒರೆಸಿದ್ದಕ್ಕೆ, ತಮ್ಮನ ಬಟ್ಟೆ ಮಡಚಿದ್ದಕ್ಕೆ ದರ ಇಲ್ಲ. ಯಾರೂ ಬೇಕೆಂದು ಹೀಗೆ ಮಾಡಿದ್ದಲ್ಲ ಅಂತ ನನಗೆ ಗೊತ್ತು. ಹೊರಗಿನ ಕೆಲಸ ಕೆಲಸವಾಗಿ ಕಾಣುತ್ತದೆ, ಒಳಗಿನದ್ದು ಕಾಣುವುದಿಲ್ಲ. ನಿಮ್ಮ ಮನೆಯದ್ದು ಮಾತ್ರ ಅಲ್ಲ ಈ ಕಥೆ. ಜಗತ್ತಿನಲ್ಲಿ 5ರಿಂದ 14 ವರ್ಷದ ಹುಡುಗಿಯರು ಅದೇ ವಯಸ್ಸಿನ ಹುಡುಗರಿಗಿಂತ ಶೇಕಡಾ 40ರಷ್ಟು ಹೆಚ್ಚು ಸಮಯ ಮನೆಗೆಲಸದಲ್ಲಿ ಕಳೆಯುತ್ತಾರೆ ಅಂತ ಯುನಿಸೆಫ್ 2016ರಲ್ಲಿ ಹೇಳಿತ್ತು. ದೊಡ್ಡವರಾದ ಮೇಲೆ ಅಂತರ ಇನ್ನೂ ಹಿಗ್ಗುತ್ತದೆ. ಭಾರತ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆದರೆ ಗಂಡಸರು 97 ನಿಮಿಷ. ಅದೂ ಮಾಡುವ ಗಂಡಸರ ಲೆಕ್ಕ ಮಾತ್ರ. ಮಾಡುವವರೇ ನಾಲ್ಕರಲ್ಲಿ ಒಬ್ಬರು.

ಮಗಳು ಕೇಳಿಲ್ಲ ಅಂದರೆ ನೋಡಿಲ್ಲ ಅಂತ ಅಲ್ಲ. ಹನ್ನೆರಡು ವರ್ಷದ ಹುಡುಗಿಯರು ಇದನ್ನೆಲ್ಲ ಗಮನಿಸುತ್ತಾರೆ, ಹೇಳುವುದಿಲ್ಲ. ನನ್ನ ಹತ್ತಿರ ಬರುವ ಕಾಲೇಜು ಹುಡುಗಿಯರಲ್ಲಿ ಕೆಲವರು ಮಾತಾಡುತ್ತಾ ಮಾತಾಡುತ್ತಾ ಇಂಥದ್ದನ್ನೇ ಎತ್ತುತ್ತಾರೆ. "ತಮ್ಮನಿಗೆ ಕೊಡ್ತಿದ್ರು, ನಂಗೆ ಯಾಕೆ ಇಲ್ಲ ಅಂತ ಯಾವತ್ತೂ ಕೇಳಿಲ್ಲ" ಅಂತ. ಅಷ್ಟು ವರ್ಷ ನೆನಪಿಟ್ಟುಕೊಂಡಿರುತ್ತಾರೆ. ಹಾಗಂತ ಈಗ ಅವಳ ದೋಸೆ ಹಿಟ್ಟಿಗೂ 10 ರೂಪಾಯಿ ಇಡಿ ಅನ್ನುತ್ತಿಲ್ಲ. ಅದು ಅದೇ ತಪ್ಪು ಪಟ್ಟಿಯನ್ನು ಉದ್ದ ಮಾಡಿದ ಹಾಗೆ. ಕೆಲಸವನ್ನೇ ಮರಳಿ ಹಂಚಿ. ಮಗನಿಗೆ ವಾರದಲ್ಲಿ ಕೆಲವು ದಿನ ಅಡುಗೆಮನೆ ಇರಲಿ. ಬೀನ್ಸ್ ಮುರಿಯುವುದು, ಬಡಿಸುವುದು, ಪಾತ್ರೆ ತೊಳೆಯುವುದು ಅವನಿಂದ ಚೆನ್ನಾಗಿಯೇ ಆಗುತ್ತದೆ. ಮಗಳು ತೋಟಕ್ಕೆ ಹೋಗಲಿ, ನೀರು ಬಿಡುವುದು ಕಲಿಯಲಿ, ಅಡಿಕೆಯ ದರ ಏನಿದೆ ಅಂತ ಅಪ್ಪನ ಜೊತೆ ಮಾತಾಡಲಿ. ಕೂಲಿಯ ಕೆಲಸ ಬಂದಾಗ ಮೊದಲು ಅವಳನ್ನು ಕೇಳಿ. "ಅವಳಿಗೆ ಯಾಕೆ ಗುಡ್ಡಕ್ಕೆ ಹೋಗೋದು?" ಅಂತ ಮನೆಯಲ್ಲಿ ಯಾರಾದರೂ ಅಂದರೆ, ಆ ಮಾತನ್ನು ಅವಳ ಎದುರಿಗೇ ಸರಿಮಾಡಿ, ಹಿಂದಿನಿಂದ ಅಲ್ಲ.

ನಿಲ್ಲಿಸುವುದು ಹೇಗೆ ಅನ್ನುವ ಪ್ರಶ್ನೆಗೆ ಬರುತ್ತೇನೆ. ಮೊದಲು ಮಗನಿಗೆ ಕೊಡಬೇಕಾದ ಬಾಕಿ ಇದ್ದರೆ ಪೂರ್ತಿ ಕೊಡಿ. ಅಪ್ಪನ ಮಾತಿಗೆ ಬೆಲೆ ಇದೆ ಅಂತ ಗೊತ್ತಾಗಬೇಕಲ್ಲ. ಆಮೇಲೆ ಒಂದು ದಿನ ಎಲ್ಲರೂ ಕೂತಿರುವಾಗ, ಅಪ್ಪನೇ ಹೇಳಲಿ. ಶುರು ಮಾಡಿದವರು ಅವರೇ ಅಲ್ವಾ. "ಹುಲ್ಲಿಗೆ ದುಡ್ಡು ಕೊಡ್ತೇನೆ ಅಂತ ಹೇಳಿದ್ದು ನಾನು, ನಿನ್ನ ತಪ್ಪಲ್ಲ. ದನ ನಮ್ಮೆಲ್ಲರದ್ದು, ಅದಕ್ಕೆ ಇನ್ನು ದುಡ್ಡಿಲ್ಲ. ಆದರೆ ಇಬ್ಬರಿಗೂ ಭಾನುವಾರದಿಂದ ಕೈಖರ್ಚು ಶುರು." ಇಷ್ಟು ಸಾಕು. ಭಾಷಣ ಬೇಡ. ಅಜ್ಜಿಯ ಬಿಸಿನೀರಿನ ವಿಷಯ ಎಲ್ಲರೆದುರು ಎತ್ತಿ ಅವನನ್ನು ನಾಚಿಸಬೇಡಿ. ಅದನ್ನು ನೀವಿಬ್ಬರೇ ಇರುವಾಗ ಹೇಳಿ: ನೀನು ಕೇಳಿದ್ದರಲ್ಲಿ ಅಜ್ಜಿಗೆ ಬೇಜಾರಾಯಿತು, ಯಾಕೆ ಅಂತ ಯೋಚನೆ ಮಾಡು.

ಒಂದಷ್ಟು ದಿನ ಕೆಲಸ ಸೋರುತ್ತದೆ. ಕರೆದರೆ ಬರುವುದಿಲ್ಲ, ಬಂದರೆ ಗೊಣಗುತ್ತಾನೆ. ಆಗ "ಹುಲ್ಲು ತರದಿದ್ದರೆ ಕೈಖರ್ಚು ಕಟ್" ಅನ್ನಬೇಡಿ. ಹೈಫಾದ ದಂಡ ಹಿಂಬಾಗಿಲಿನಿಂದ ಬಂದ ಹಾಗಾಗುತ್ತದೆ. ಅವನು ಮನಸ್ಸಿನಲ್ಲೇ ದಂಡ ಕಟ್ಟಿ ಆಟಕ್ಕೆ ಹೋಗುತ್ತಾನೆ. ಕ್ರಮ ಮಾತ್ರ ಗಟ್ಟಿ ಇರಲಿ: ಮೊದಲು ಹುಲ್ಲು, ಆಮೇಲೆ ಟಿವಿ. ಪ್ರತಿದಿನ ಅದೇ. ಕೋಪ ಬೇಕಾಗಿಲ್ಲ.

ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಉಪಾಯ ಒಂದಿದೆ, ಸ್ವಲ್ಪ ನಿಧಾನದ್ದು. ಬಾರ್ಬರಾ ರೋಗೋಫ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಗಾರರು ಮೆಕ್ಸಿಕೊದ ಮೂಲನಿವಾಸಿ ಕುಟುಂಬಗಳಲ್ಲಿ ಮಕ್ಕಳು ಯಾರೂ ಹೇಳದೆಯೇ ಮನೆಗೆಲಸಕ್ಕೆ ಕೈಹಾಕುವುದನ್ನು ನೋಡಿದ್ದಾರೆ. ಅಲ್ಲಿ ಮಗು ಸಣ್ಣದಿರುವಾಗಲೇ ದೊಡ್ಡವರ ಕೆಲಸದಲ್ಲಿ ಸೇರಿಸಿಕೊಳ್ಳುತ್ತಾರೆ, ಕೆಲಸ ಸ್ವಲ್ಪ ಹಾಳಾದರೂ ಸರಿ. ನಮ್ಮಲ್ಲಿ ಎರಡು ವರ್ಷದ ಮಗು ಪೊರಕೆ ಹಿಡಿದರೆ "ಬಿಡು, ನೀನು ಹೋಗಿ ಆಡು" ಅಂತೇವೆ. ಎಂಟು ವರ್ಷಕ್ಕೆ "ಯಾಕೆ ಗುಡಿಸುವುದಿಲ್ಲ?" ಅಂತ ಬಯ್ಯುತ್ತೇವೆ. ಹುಲ್ಲು ತಾ ಅಂತ ಒಬ್ಬನನ್ನೇ ಕಳಿಸುವ ಬದಲು ಅಪ್ಪ ಜೊತೆಗೆ ಹೋಗಲಿ. ಮತ್ತೆ, ತುಂಡು ತುಂಡು ಕೆಲಸಕ್ಕಿಂತ ಒಂದು ಪೂರ್ತಿ ಜವಾಬ್ದಾರಿ ಒಳ್ಳೆಯದು. ಕರು ಇದ್ದರೆ ಅದು ಅವನದ್ದಾಗಲಿ. ಹೆಸರಿಡುವುದು, ನೀರು, ಹುಲ್ಲು, ಮೈ ಉಜ್ಜುವುದು ಎಲ್ಲ. ಮರೆತರೆ ಕರುವೇ ಕೂಗಿ ನೆನಪಿಸುತ್ತದೆ.

ದುಡ್ಡು ಕೊಟ್ಟರೂ ಕೊಡದಿದ್ದರೂ ಮಕ್ಕಳಿಗೆ ಹೇಳಬಾರದ ಕೆಲಸಗಳಿವೆ. ಅಡಿಕೆ ಸುಲಿಯುವ ಕತ್ತಿಗೆ ನಾಲ್ಕನೇ ತರಗತಿಯವನನ್ನು ಕೂರಿಸಬೇಡಿ. ಕೊಳೆರೋಗಕ್ಕೆ ಮದ್ದು ಬಿಡುವ ದಿನ ಮೈಲುತುತ್ತು ಕರಗಿಸುವಲ್ಲಿ, ಸುಣ್ಣ ಬೆರೆಸುವಲ್ಲಿ ಮಕ್ಕಳು ಬೇಡವೇ ಬೇಡ, ಕಣ್ಣಿಗೆ ಹಾರಿದರೆ ಕಷ್ಟ. ಒದ್ದೆ ಕೈಯಲ್ಲಿ ಪಂಪಿನ ಸ್ವಿಚ್ ಮುಟ್ಟುವುದೂ ಬೇಡ. ಬಾಲಕಾರ್ಮಿಕ ಕಾನೂನಿನ 2016ರ ತಿದ್ದುಪಡಿಯಲ್ಲೂ 14 ವರ್ಷದೊಳಗಿನವರು ಶಾಲೆಯ ಹೊತ್ತಿನ ಆಚೆ, ರಜೆಯಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ ಮನೆಯವರಿಗೆ ಸಹಾಯ ಮಾಡಬಹುದು ಅಂತ ಮಾತ್ರ ಇದೆ. ಅಡಿಕೆ ಸುಗ್ಗಿ ಅಂತ ಶಾಲೆ ತಪ್ಪಿಸುವುದು ಸಲ್ಲ.

ಕೈಖರ್ಚಿನಲ್ಲಿ ಸ್ವಲ್ಪ ಉಳಿಯತೊಡಗಿದರೆ ಮಗಳ ಹೆಸರಿನಲ್ಲಿ ಖಾತೆ ತೆರೆಸಿ. 10 ವರ್ಷ ದಾಟಿದ ಮಕ್ಕಳು ತಾವೇ ಸಹಿ ಹಾಕಿ ಉಳಿತಾಯ ಖಾತೆ ನಡೆಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ, ಮಿತಿಯನ್ನು ಆಯಾ ಬ್ಯಾಂಕ್ ಹಾಕುತ್ತದೆ. ಅಂಚೆ ಕಚೇರಿಯಲ್ಲೂ ಆಗುತ್ತದೆ, ಅಲ್ಲಿ ಕನಿಷ್ಠ 500 ರೂಪಾಯಿ ಬೇಕು. ಫಾರ್ಮ್ ಅವಳೇ ತುಂಬಲಿ. ನೀವು ಪಕ್ಕದಲ್ಲಿ ನಿಂತಿರಿ. ಮಗನಿಗೆ ಇನ್ನೂ ಒಂದು ವರ್ಷ ಡಬ್ಬಿಯೇ ಸಾಕು.

ಪರ್ಸಿನ 20 ರೂಪಾಯಿ. ಸಂಬಂಧ ಇರಬಹುದು, ಇಲ್ಲದೆಯೂ ಇರಬಹುದು. ಈ ವಯಸ್ಸಿನ ಮಕ್ಕಳಲ್ಲಿ ಒಂದೆರಡು ಸಲ ಹೀಗಾಗುವುದು ಅಪರೂಪ ಅಲ್ಲ. ಕಳ್ಳ ಅಂತ ಕರೆಯಬೇಡಿ, ನೆಂಟರ ಎದುರು ಹೇಳಬೇಡಿ. "ನೀನು ತೆಗೆದೆಯಾ?" ಅಂತ ಕೇಳಿ ಸುಳ್ಳು ಹೇಳಲು ದಾರಿ ಮಾಡಿಕೊಡುವುದೂ ಬೇಡ, ನಿಮಗೆ ಗೊತ್ತೇ ಇದೆಯಲ್ಲ. "ನೀನು 20 ರೂಪಾಯಿ ತೆಗೆದದ್ದು ನಂಗೆ ಗೊತ್ತುಂಟು. ಯಾಕೆ ಬೇಕಿತ್ತು?" ಅಂತಲೇ ಕೇಳಿ, ಉತ್ತರಕ್ಕೆ ಕಾಯಿರಿ. ಶಾಲೆಯಲ್ಲಿ ಯಾರಾದರೂ ದೊಡ್ಡ ಹುಡುಗರು ಕೇಳಿ ಹೆದರಿಸುತ್ತಿದ್ದರೆ ಅದು ಆಗಲೇ ಹೊರಬರುತ್ತದೆ. ಮಿಠಾಯಿಗೆ ಅಂದರೆ, ಎರಡು ವಾರ 10 ರೂಪಾಯಿಯಂತೆ ಕೈಖರ್ಚಿನಿಂದ ವಾಪಸು ಕೊಡಲಿ. ಪರ್ಸನ್ನು ಕೈಗೆ ಸಿಗುವಲ್ಲಿ ಇಡುವುದನ್ನು ಸದ್ಯಕ್ಕೆ ನಿಲ್ಲಿಸಿ. ಕೈಖರ್ಚು ಶುರುವಾಗಿ ಎರಡು ಮೂರು ತಿಂಗಳಾದ ಮೇಲೂ ದುಡ್ಡು ಹೋಗುತ್ತಲೇ ಇದ್ದರೆ, ಅಥವಾ ತೆಗೆದ ಮೊತ್ತ ದೊಡ್ಡದಾಗುತ್ತಿದ್ದರೆ, ಅವನ ತರಗತಿಯ ಟೀಚರ್ ಹತ್ತಿರ ಮಾತಾಡಿ, ಅವನನ್ನೂ ಕರೆದುಕೊಂಡು ಒಬ್ಬ ಆಪ್ತ ಸಮಾಲೋಚಕರನ್ನು ನೋಡಿ.